ಅತ್ತೆಯ ಊರಿನ ಹೋಟೆಲುಗಳು

ಶುಕ್ರವಾರ ಬೆಳಿಗ್ಗೆ ನನ್ನ ಅಂಗಿಯ ಜೇಬಿನಲ್ಲಿ ಬಡೇಸೋಪಿನ ಕಾಳು ಸಿಗುವುದು ನಮ್ಮ ಮನೆಯಲ್ಲಿ ಹಳೆಯ ಸಂಗತಿ. ಅಂಗಿಯನ್ನು ನೀರಿಗೆ ಹಾಕುವ ಮೊದಲು ಜೇಬು ತಡಕುವುದು ನನ್ನ ಹೆಂಡತಿಯ ರೂಢಿ. ಬೇರೆ ಗಂಡಂದಿರ ಜೇಬಿನಲ್ಲಿ ಏನೇನೋ ಸಿಗುತ್ತವಂತೆ. ನನ್ನ ಜೇಬಿನಲ್ಲಿ ಸಿಗುವುದು ನಾಲ್ಕು ಕಾಳು ಸೋಪು, ಹೆಚ್ಚೆಂದರೆ ಒಂದು ಸಕ್ಕರೆ ಹರಳು. ಹೋಟೆಲಿನಲ್ಲಿ ಉಂಡು ಎದ್ದವನು ಗಲ್ಲಾದ ಮೇಲಿನ ತಟ್ಟೆಗೆ ಕೈ ಹಾಕದೆ ಬರುವುದುಂಟೇ? ಒಂದು ಚಿಟಿಕೆ ಬಾಯಿಗೆ, ಒಂದು ಚಿಟಿಕೆ ಜೇಬಿಗೆ. ಮೊನ್ನೆಯೂ ಅವಳು ಅಂಗೈಯಲ್ಲಿ ಕಾಳು ಹಿಡಿದುಕೊಂಡು ಬಂದು, "ನಿನ್ನಿ ಕಲ್ಯಾಣದಾಗ ಏನೇನ್ ತಿಂದ್ರಿ?" ಎಂದು ನಗುತ್ತ ಕೇಳಿದಳು. ಈಗ ನಗುತ್ತಾಳೆ. ಎರಡು ವರ್ಷದ ಹಿಂದೆ ಇದೇ ಕಾಳು ಕಂಡರೆ ಮೊದಲು ಬಾಗಿಲು ಹಾಕಿ, ಆಮೇಲೆ ದನಿ ಇಳಿಸಿ, "ಅತ್ತಿಗಿ ಗೊತ್ತಾದ್ರ ಏನ್ ಗತಿ?" ಅನ್ನುತ್ತಿದ್ದಳು.

ಸೋಪಿನ ಕಾಳಿಗೂ ಅತ್ತೆಗೂ ಏನು ಸಂಬಂಧ ಎಂದು ನೀವು ಕೇಳುತ್ತೀರಿ. ಹೇಳುತ್ತೇನೆ. ನಾನು ಹುಮನಾಬಾದಿನವನು. ನೋಟ್‌ಬುಕ್ಕು, ಪೆನ್ನು, ಕಂಪಾಸ್ ಪೆಟ್ಟಿಗೆಗಳ ಸಗಟು ವ್ಯಾಪಾರ ನನ್ನದು. ಪ್ರತಿ ಗುರುವಾರ ಬಸವಕಲ್ಯಾಣಕ್ಕೆ ಹೋಗಿ ಅಲ್ಲಿಯ ಅಂಗಡಿಗಳನ್ನು ಸುತ್ತಿ ಯಾರಿಗೆ ಏನು ಬೇಕೆಂದು ಬರೆದುಕೊಂಡು ಬರುತ್ತೇನೆ. ಆ ಕಲ್ಯಾಣದಲ್ಲಿ ನನ್ನ ಸೋದರತ್ತೆ ಇದ್ದಾಳೆ, ನಮ್ಮಪ್ಪನ ಅಕ್ಕ, ಸುಗಲಾಬಾಯಿ. ವಯಸ್ಸು ಎಪ್ಪತ್ತು ದಾಟಿದೆ. ನಿಮ್ಮ ಕಡೆ ಹೇಗೋ ಗೊತ್ತಿಲ್ಲ, ನಮ್ಮ ಕಡೆ ಯಾರೂ ಬರೆದಿಡದ, ಆದರೆ ಎಲ್ಲರೂ ನಡೆಸಿಕೊಂಡು ಬಂದ ಒಂದು ಕಟ್ಟಳೆಯಿದೆ. ಬೀಗರು ಬಿಜ್ಜರು ಇರುವ ಊರಿನಲ್ಲಿ ಹೋಟೆಲಿನ ಊಟ ಮಾಡಕೂಡದು. ಮಾಡಿದರೆ ಅವರ ಮುಖಕ್ಕೆ ಮಸಿ ಬಳಿದ ಹಾಗೆ. "ಶರಣರ ಊರಿಗಿ ಬಂದಾವ್ರು ಹಸದು ಹೋಗಬಾರದು" ಎನ್ನುವುದು ಅತ್ತೆಯ ಮಾತು. ದಾಸೋಹದ ಹೊಣೆಯನ್ನು ಹನ್ನೆರಡನೆಯ ಶತಮಾನದಿಂದ ನೇರವಾಗಿ ತನ್ನ ಕೈಗೇ ಕೊಟ್ಟಿದ್ದಾರೆ ಎನ್ನುವ ಹಾಗೆ ಆ ಮಾತು ಹೇಳುತ್ತಾಳೆ.

ಈ ಕಟ್ಟಳೆಯ ಬಿಸಿ ನನಗೆ ಮೊದಲು ತಟ್ಟಿದ್ದು ಏಳೆಂಟು ವರ್ಷದವನಿದ್ದಾಗ. ನಮ್ಮಪ್ಪ ದಪ್ಪ ಮೀಸೆಯ, ದೊಡ್ಡ ಗಂಟಲಿನ ಮನುಷ್ಯ. ಹುಮನಾಬಾದಿನ ಬಜಾರಿನಲ್ಲಿ ಅವನು ಕೆಮ್ಮಿದರೆ ಎದುರಿನ ಅಂಗಡಿಯವರು ತಕ್ಕಡಿ ನೆಟ್ಟಗೆ ಹಿಡಿಯುತ್ತಿದ್ದರು. ಅಂಥವನು ಜಗತ್ತಿನಲ್ಲಿ ಹೆದರುತ್ತಿದ್ದದ್ದು ಅಕ್ಕನಿಗೊಬ್ಬಳಿಗೇ. ಒಂದು ದಿನ ಇಬ್ಬರೂ ಕಲ್ಯಾಣಕ್ಕೆ ಹೋದೆವು. ಅತ್ತೆಯ ಮನೆಗೆ ಹೋಗುವ ದಾರಿಯಲ್ಲಿ, ಕೋಟೆಯಿಂದ ಇಳಿದು ಬರುವ ಓಣಿಯ ಮೂಲೆಯಲ್ಲಿ, ಮಿರ್ಚಿ ಭಜಿ ಕರಿಯುತ್ತಿದ್ದರು. ಅಪ್ಪನ ಕಾಲು ತಾನಾಗಿಯೇ ನಿಂತಿತು. ಅತ್ತ ನೋಡಿದ, ಇತ್ತ ನೋಡಿದ, ನನ್ನ ರಟ್ಟೆ ಹಿಡಿದು ಒಳಗೆ ಎಳೆದುಕೊಂಡ.

"ಅತ್ತಿ ಕೇಳಿದ್ರ ಏನಂತಿ?"

"ಏನೂ ತಿಂದಿಲ್ಲ ಅಂತೀನಿ."

"ಶಾಣ್ಯಾ ಇದಿ. ತಿನ್ನು."

ತಲೆಗೆ ನಾಲ್ಕು ಭಜಿ ಆದವು. ಹೊರಗೆ ಬಂದು ಅಪ್ಪ ಕೈ ಮೂಸಿ ನೋಡಿಕೊಂಡ. ಪಕ್ಕದ ಬೇವಿನ ಗಿಡದ ಎಲೆ ಕಿತ್ತು ತನ್ನ ಕೈಗೂ ನನ್ನ ಕೈಗೂ ತಿಕ್ಕಿದ. ಅತ್ತೆಯ ಮನೆಯಲ್ಲಿ ನಮಗಾಗಿ ಹಿಟ್ಟು ನಾದಿ ಇಟ್ಟಿದ್ದರು. ಅತ್ತೆ ಒಲೆಯ ಮುಂದೆ ಕೂರಿಸಿ ಒಂದಾದ ಮೇಲೊಂದು ಬಿಸಿ ರೊಟ್ಟಿ ತಟ್ಟೆಗೆ ಹಾಕತೊಡಗಿದಳು. ಅಪ್ಪ ಗಂಡಸು, ಹೇಗೋ ತಡೆದುಕೊಂಡ. ನಾನು ಮೂರನೆಯ ರೊಟ್ಟಿಗೆ ಹೊಟ್ಟೆ ಹಿಡಿದುಕೊಂಡೆ, ನಾಲ್ಕನೆಯದು ಬಿದ್ದ ಕೂಡಲೇ ಅಳತೊಡಗಿದೆ. ಅತ್ತೆ ಕರಗಿ ಹೋದಳು. "ನೋಡಪ್ಪಾ, ಕೂಸಿಗಿ ಎಷ್ಟ ಹಸಿವಿ ಆಗಿತ್ತೋ, ಉಣ್ಣಕೋತ ಅಳಾಕತ್ತದ!" ಎಂದು ಸೆರಗಿನಿಂದ ನನ್ನ ಕಣ್ಣೊರೆಸಿ ಐದನೆಯದನ್ನು ಹಾಕಿದಳು. ಅಪ್ಪ ಗೋಡೆಯ ಕಡೆ ಮುಖ ಮಾಡಿ ಮೀಸೆ ತಿರುವುತ್ತ ಕುಳಿತಿದ್ದ.

ಇಂಥ ಅಪ್ಪನ ಮಗ ನಾನು. ವ್ಯಾಪಾರದ ಜೊತೆ ಈ ಕಳ್ಳತನವೂ ನನಗೆ ಬಂತು. ನನಗೂ ನನ್ನದೇ ಆದ ಕಾರಣವಿತ್ತು ಅನ್ನಿ. ಅತ್ತೆಯ ಮನೆಯ ಊಟವೆಂದರೆ ಉಂಡು ಎದ್ದು ಬರುವ ಕೆಲಸವಲ್ಲ. ನೀವು ಹೊಸ್ತಿಲು ದಾಟಿದ ಮೇಲೆಯೇ ಅಲ್ಲಿ ಅಡುಗೆ ಶುರು. ಮೊದಲು ನೀರು, ಆಮೇಲೆ ಬೈಗುಳ, ಆಮೇಲೆ ಪುಂಡಿ ಸೊಪ್ಪು ಸೋಸುವುದು. ಮಾಡಿಟ್ಟದ್ದನ್ನು ಬಡಿಸುವುದು ಅತ್ತೆಯ ಪ್ರಕಾರ ಅವಮಾನ. ಸೊಸೆ ಮಾದೇವಿ ಬೇಳೆ ಬೇಯಿಸಿ ಇಟ್ಟಿದ್ದರೂ, "ಅದು ನಮಗಿರಲಿ, ಮಲ್ಲೂಗ ಬ್ಯಾರೆ ಇಡು" ಎಂದು ನನ್ನ ಹೆಸರಿನಲ್ಲಿ ಹೊಸ ಬೇಳೆ ಇಡಿಸುತ್ತಾಳೆ. ಮೂರು ತಾಸು ಅಲ್ಲೇ ಹೋಗುತ್ತದೆ. ನಾನು ಉಂಡು ಕೈ ತೊಳೆಯುವ ಹೊತ್ತಿಗೆ ಕಲ್ಯಾಣದ ಅಂಗಡಿಕಾರರು ಮಧ್ಯಾಹ್ನದ ನಿದ್ದೆ ಮುಗಿಸಿ, ಚಹಾ ಕುಡಿದು, ನನ್ನನ್ನು ಮರೆತು ಬೇರೆಯವನಿಗೆ ಆರ್ಡರು ಕೊಟ್ಟಿರುತ್ತಾರೆ. ಹಾಗಾಗಿ ಒಂದು ಗುರುವಾರ ಅತ್ತೆಯ ಮನೆ, ಮುಂದಿನ ಗುರುವಾರ ಹೋಟೆಲು ಎಂದು ಪಾಳಿ ಹಾಕಿಕೊಂಡಿದ್ದೆ. ಹೋಟೆಲಿನ ಗುರುವಾರ ಅತ್ತೆಗೆ ಫೋನು ಮಾಡಿ, "ಇವತ್ತ ಮನ್ನಾಏಖೇಳ್ಳಿ ಕಡಿ ಬಂದೀನತ್ತಿ" ಎಂದು ಬೇರೆ ಊರಿನ ಹೆಸರು ಹೇಳಿಬಿಡುತ್ತಿದ್ದೆ. ಹಾಗೆ ಹೇಳುವಾಗ ಹಿಂದೆ ಕಲ್ಯಾಣದ ಬಸ್‌ಸ್ಟ್ಯಾಂಡಿನ ಗದ್ದಲ ಕೇಳದಂತೆ ಫೋನಿಗೆ ಕೈ ಅಡ್ಡ ಹಿಡಿಯುತ್ತಿದ್ದೆ. ನಿಮ್ಮ ಮುಂದೆ ಮುಚ್ಚಿಡುವುದೇನು, ಹೊತ್ತಿನ ಅಭಾವ ಅರ್ಧ ಕಾರಣ. ಉಳಿದರ್ಧ ನಾಲಿಗೆಯ ಚಪಲ.

ನಮ್ಮ ಹುಮನಾಬಾದು ಹೆದ್ದಾರಿಯ ಊರು. ಅಲ್ಲಿ ತಿನ್ನುವವರ ಒಂದು ಕಣ್ಣು ತಟ್ಟೆಯ ಮೇಲೆ, ಇನ್ನೊಂದು ಬಸ್ಸಿನ ಮೇಲೆ. ಕಲ್ಯಾಣ ಹಾಗಲ್ಲ. ಅದು ಹೆದ್ದಾರಿಯಿಂದ ಒಳಗೆ ಸರಿದು ಕುಳಿತ ಊರು. ಎಷ್ಟೋ ರಾಜರು ಬಂದು ಹೋದದ್ದನ್ನು ನೋಡಿ ಸಾಕಾಗಿ, ಈಗ ಯಾವುದಕ್ಕೂ ಅವಸರ ಮಾಡುವುದಿಲ್ಲ. ಅಲ್ಲಿ ಜನ ಚಕ್ಕಳಮಕ್ಕಳ ಹಾಕಿ ಕುಳಿತು ತಿನ್ನುತ್ತಾರೆ, ತಿಂದದ್ದರ ಬಗ್ಗೆ ಮಾತಾಡುತ್ತಾರೆ, ಮಾತಾಡುತ್ತ ಮತ್ತೆ ಹಸಿದು ಇನ್ನೊಂದು ತಟ್ಟೆ ಹೇಳುತ್ತಾರೆ.

ಇಷ್ಟು ವರ್ಷ ಸುರಳೀತ ನಡೆದುಕೊಂಡು ಬಂದ ನನ್ನ ಪಾಳಿ ಮುರಿದದ್ದು ಗಿರೀಶನಿಂದ. ಧಾರವಾಡದ ಹಾಸ್ಟೆಲಿನಲ್ಲಿ ನನ್ನ ಕೋಣೆಯಲ್ಲಿದ್ದ ಮೈಸೂರಿನ ಗೆಳೆಯ. ಒಂದು ದಿನ ಫೋನು ಮಾಡಿ, "ನಾಲ್ಕು ಜನ ಸ್ನೇಹಿತರು ಸೇರ್ಕೊಂಡು ನಿಮ್ಮ ಕಲ್ಯಾಣ ನೋಡೋಕೆ ಬರ್ತಿದ್ದೀವಿ ಕಣೋ. ಕೋಟೆ ಎಲ್ಲಿದೆ, ಕೆರೆ ಎಲ್ಲಿದೆ ಅಂತ ಫೋನೇ ತೋರಿಸುತ್ತೆ. ಎಲ್ಲಿ ತಿನ್ನೋದು ಅನ್ನೋದನ್ನ ಮಾತ್ರ ನೀನು ಬರೆದು ಕಳಿಸು" ಎಂದ.

ಇಂಥ ಕೆಲಸ ಯಾರಾದರೂ ಹೇಳಲಿ ಎಂದು ಇಪ್ಪತ್ತು ವರ್ಷದಿಂದ ಕಾಯುತ್ತಿದ್ದೆನೋ ಏನೋ. ಅಂಗಡಿಯಲ್ಲಿ ಗಿರಾಕಿಗಳನ್ನು ನಿಲ್ಲಿಸಿಕೊಂಡೇ ಬರೆದೆ. ಬೆಳಿಗ್ಗೆ ಬಸ್‌ಸ್ಟ್ಯಾಂಡಿನ ಎದುರಿನ ಗಾಡಿಯಲ್ಲಿ ಸುಸಲಾ ತಿನ್ನಬೇಕು, ಮಂಡಕ್ಕಿ ನೆನೆಸಿ ಒಗ್ಗರಣೆ ಹಾಕಿ ಶೇಂಗಾ ಪುಡಿ ಉದುರಿಸಿದ್ದು, ಒಂಬತ್ತರ ಒಳಗೆ ಹೋದರೆ ಹದವಾಗಿರುತ್ತದೆ. ಕೋಟೆ ಹತ್ತಿ ಇಳಿದ ಮೇಲೆ ಓಣಿಯ ಮೂಲೆಯಲ್ಲಿ ಮಿರ್ಚಿ ಭಜಿ, ಜೊತೆಗೆ ಹಸಿ ಉಳ್ಳಾಗಡ್ಡಿ ಕೇಳಿ ಇಸಿದುಕೊಳ್ಳಬೇಕು. ಚಹಾ ಎಲ್ಲೆಂದರಲ್ಲಿ ಕುಡಿಯಬಾರದು, ಚೌಕಿನ ಹತ್ತಿರ ಒಬ್ಬ ಚಾಚಾ ಇದ್ದಾನೆ, ಅವನು ಹಾಲನ್ನು ಕೆಂಪಗಾಗುವವರೆಗೆ ಕಾಯಿಸುತ್ತಾನೆ. ಮಧ್ಯಾಹ್ನದ ಊಟಕ್ಕೆ ಹಳೇ ಪೇಟೆಯ ಖಾನಾವಳಿ. ಬೋರ್ಡಿಲ್ಲ, ಹಸಿರು ಬಾಗಿಲು. ಬದನೆಕಾಯಿ ಎಣ್ಣೆಗಾಯಿ, ಪುಂಡಿ ಪಲ್ಯ, ಬಿಸಿ ಬಿಸಿ ಜೋಳದ ರೊಟ್ಟಿ. ಬರೆಯುವ ಉತ್ಸಾಹದಲ್ಲಿ ಕೊನೆಗೆ ಒಂದು ಸಾಲು ಸೇರಿಸಿದೆ: 'ಇಂಥ ರೊಟ್ಟಿ ಇಡೀ ಕಲ್ಯಾಣದಲ್ಲಿ ಬೇರೆಲ್ಲೂ ಸಿಗುವುದಿಲ್ಲ.'

ಬರೆದು, ಎರಡು ಸಲ ಓದಿ ಮೆಚ್ಚಿಕೊಂಡು, ಕಳಿಸಿದೆ. ಗಿರೀಶನಿಗಲ್ಲ. ಅವನ ಹೆಸರಿನ ಮೇಲೆಯೇ ಇದ್ದ ನಮ್ಮ ಮನೆತನದ ವಾಟ್ಸಾಪ್ ಗುಂಪಿಗೆ. ಅದರಲ್ಲಿ ಕಾಕಾ, ಮಾಮಾ, ಅವರ ಮಕ್ಕಳು, ಅಳಿಯಂದಿರು ಎಲ್ಲ ಇದ್ದಾರೆ. ಮಾದೇವಿಯೂ ಇದ್ದಾಳೆ.

ಗೊತ್ತಾದ ಕೂಡಲೇ ಅಳಿಸಲು ಹೋದೆ. ಎಲ್ಲರಿಗೂ ಅಳಿಸಲೋ, ನಿನಗಷ್ಟೇ ಅಳಿಸಲೋ ಎಂದು ಫೋನು ಕೇಳಿತು. ಗಡಿಬಿಡಿಯಲ್ಲಿ ನಾನು ಒತ್ತಿದ್ದು ಎರಡನೆಯದನ್ನು. ನನ್ನ ಕಣ್ಣಿಗೆ ಕಾಣದೆ ಹೋಯಿತು, ಬದುಕಿದೆ ಬಡಜೀವವೇ ಎಂದು ಬೆವರು ಒರೆಸಿಕೊಂಡು ಚಹಾ ತರಿಸಿ ಕುಡಿದೆ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ. ಅರ್ಧ ತಾಸಿಗೆ ಹೆಂಡತಿಯ ಫೋನು ಬಂತು: "ಏನ್ ಬರದೀರ್ರಿ ಅದು? ಬೀದರ್ ಕಾಕಾ ಹಸಿರು ಬಾಗಲ ಎಲ್ಲದ ಅಂತ ಕೇಳಾಕತ್ತಾರ!" ಗಿರೀಶನಿಗೆ ಬೇರೆ ಬರೆದು ಕಳಿಸುವಷ್ಟು ಬುದ್ಧಿ ನನಗೆ ಉಳಿಯಲಿಲ್ಲ. ಅವನು ಬಂದು, ಹೆದ್ದಾರಿಯ ಧಾಬಾದಲ್ಲಿ ತಿಂದು, 'ನಿಮ್ಮ ಕಡೆ ತಿನ್ನೋಕೆ ಏನೂ ಇಲ್ಲ ಬಿಡು' ಎಂದು ಬರೆದು ಹೋದ.

ಅತ್ತೆಗೆ ಓದು ಬರುವುದಿಲ್ಲ. ಮಾದೇವಿಯ ಫೋನು ಒಂದೇ ಸಮನೆ ಕುಯ್‌ಗುಟ್ಟುತ್ತಿದ್ದದ್ದನ್ನು ಕೇಳಿ ಏನೆಂದು ಕೇಳಿದಳಂತೆ. ಪಾಪ ಮಾದೇವಿ, ಸುಳ್ಳು ಬಾರದವಳು, ಓದಿ ಹೇಳಿದಳು. ಕೊನೆಯ ಸಾಲನ್ನು ಅತ್ತೆ ಎರಡು ಸಲ ಓದಿಸಿದಳಂತೆ.

ನಾಲ್ಕು ದಿನ ಬೈಗುಳದ ಫೋನಿಗಾಗಿ ಕಾದೆ. ಬರಲಿಲ್ಲ. ಗುರುವಾರ ಬಾಳೆಹಣ್ಣು ಹಿಡಿದುಕೊಂಡು ಅವಳ ಮನೆಗೆ ಹೋದೆ. ಅತ್ತೆ ಎದ್ದು ನಿಂತಳು. "ಬರ್ರಿ, ಕೂಡ್ರಿ" ಎಂದಳು.

ತೊಟ್ಟಿಲಲ್ಲಿ ತೂಗಿದ ತಮ್ಮನ ಮಗನಿಗೆ 'ಬರ್ರಿ, ಕೂಡ್ರಿ'! ಅವಳು ಬಡಿಗೆ ತಗೊಂಡು ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ. ಮಾದೇವಿ ಚಹಾ ತಂದಳು, ಜೊತೆಗೆ ಹೂವಿನ ಚಿತ್ರದ ತಟ್ಟೆಯಲ್ಲಿ ನಾಲ್ಕು ಬಿಸ್ಕಿಟು. ಹೆಣ್ಣು ನೋಡಲು ಬಂದವರಿಗೆ ಕೊಡುವ ತಟ್ಟೆ ಅದು. ಒಲೆ ತಣ್ಣಗಿತ್ತು.

"ಊಟ ಹೊರಗ ಆಗಿರಬೇಕಲ್ರಿ," ಎಂದಳು ಅತ್ತೆ.

"ತಪ್ಪಾತು ಅತ್ತಿ. ಹೊತ್ತ ಸಾಲಂಗಿಲ್ಲ ಅಂತ…"

"ಹೊತ್ತಿಂದು ಬಿಡ್ರಿ. ಒಂದ ಮಾತ ಖರೇ ಹೇಳ್ರಿ." ಅವಳು ಎರಡೂ ಕೈಗಳನ್ನು ಮುಂದೆ ಚಾಚಿದಳು. "ನನ್ನ ಕೈ ಕೆಟ್ಟದೇನ್ರಿ?"

ಆ ಕೈಗಳನ್ನು ನಾನು ನೋಡಿದೆ. ಒಂದು ವರ್ಷದಿಂದ ಅವಳ ಮುಂಗೈ ನೋಯುತ್ತಿತ್ತು. ರೊಟ್ಟಿಯ ಅಂಚು ಅಲ್ಲಲ್ಲಿ ಬಿರಿಯುತ್ತಿತ್ತು. ನಾನು ಅದನ್ನು ಗಮನಿಸಿದ್ದೆ, ಅವಳೂ ಗಮನಿಸಿದ್ದಳು, ಇಬ್ಬರೂ ಆಡಿರಲಿಲ್ಲ. ಕಣ್ಣು ಮಂದವಾದರೆ ಚಾಳೀಸು ಹಾಕಿಕೊಳ್ಳಬಹುದು. ಐವತ್ತು ವರ್ಷ ಇಡೀ ಬಳಗ ಹೊಗಳಿದ ಕೈ ಹೋಯಿತೆಂದರೆ ಅತ್ತೆಯ ಪಾಲಿಗೆ ಉಳಿಯುವುದೇನು? ನನಗೆ ನಾಚಿಕೆಯಾಯಿತು.

"ಇಲ್ಲತ್ತಿ, ಹಂಗೇನಿಲ್ಲ."

"ಮತ್ತ ಇಡೀ ಕಲ್ಯಾಣದಾಗ ಅಂತ ಯಾಕ ಬರದ್ರಿ?"

ಅತ್ತೆ ಎದ್ದು, ಗೂಟಕ್ಕೆ ತೂಗುಹಾಕಿದ್ದ ಒಳ್ಳೆಯ ಸೀರೆ ತಗೊಂಡು ಒಳಗೆ ಹೋದಳು. ಉಟ್ಟುಕೊಂಡು ಬಂದು, "ನಡೀರಿ, ಆ ರೊಟ್ಟಿ ನಾನೂ ನೋಡ್ತೀನಿ" ಎಂದಳು. ಮಾದೇವಿ ಬಾಗಿಲ ಸಂದಿಯಿಂದ ನನ್ನ ಕಡೆ ನೋಡಿ ಹಣೆ ಹಣೆ ಬಡಿದುಕೊಂಡಳು.

ಹುಟ್ಟಿದ ಮೇಲೆ ಅತ್ತೆ ತನ್ನೂರಿನ ಹೋಟೆಲಿನ ಹೊಸ್ತಿಲು ತುಳಿದವಳಲ್ಲ. ತಲೆಯ ಮೇಲೆ ಸೆರಗು ಎಳೆದುಕೊಂಡು ನನ್ನ ಹಿಂದೆ ನಡೆದಳು. "ಯಾರರ ಕೇಳಿದ್ರ ದವಾಖಾನಿಗಿ ಹೊಂಟೀವಿ ಅನ್ರಿ" ಎಂದು ಕಲಿಸಿಕೊಟ್ಟಳು. ಕೇಳಿದವರು ಮೂವರು. ಮೂವರಿಗೂ ದವಾಖಾನೆ ಎಂದೆ. ಮೂರನೆಯವನು, "ದವಾಖಾನಿ ಆ ಕಡಿ ಅದಲ್ರೀ" ಎಂದ. ಕೋಟೆಯ ಓಣಿಯ ಮೂಲೆಗೆ ಬಂದಾಗ ಭಜಿಯ ವಾಸನೆ ಬಂತು. ಅತ್ತೆ ನಿಂತಳು.

"ಇದೂ ನಿಮ್ಮ ಪಟ್ಟಿದಾಗ ಇತ್ತಲ್ರಿ?"

ಒಳಗೆ ಕೂತೆವು. ಅವಳು ಭಜಿ ಮುರಿದು ಒಳಗಿನ ಮೆಣಸಿನಕಾಯಿಯನ್ನು ಪರೀಕ್ಷಿಸಿ ಬಾಯಿಗಿಟ್ಟುಕೊಂಡಳು. "ಹಿಟ್ಟಿನಾಗ ಅಜವಾನ ಕಮ್ಮಿ ಅದ" ಎಂದು ತೀರ್ಪು ಕೊಟ್ಟಳು, ಇನ್ನೊಂದು ತಗೊಂಡಳು. ಆಮೇಲೆ ನನ್ನ ಕಡೆ ನೋಡದೆ, "ನಿಮ್ಮಪ್ಪ ಇಲ್ಲೇ ತಿಂದು ಬರ್ತಿದ್ದ" ಎಂದಳು. "ಕೈಗಿ ಬೇವಿನ ಎಲಿ ವಾಸನಿ ಹೊಡೀತಿತ್ತು. ಊಟಕ್ಕ ಬರೂ ಮಂದಿ ಬೇವಿನ ಎಲಿ ಯಾಕ ತಿಕ್ಕೋತಾರ್ರಿ? ನನಗ ತಿಳೀತಿರಲಿಲ್ಲೇನು? ಆದ್ರ ಅಂವ ತಿಂದ್ರೂ ಬಂದು ನನ್ನ ರೊಟ್ಟಿ ಉಣ್ತಿದ್ದ."

ನಾನು ಬೆಚ್ಚಿ, ಬಾಯಲ್ಲಿದ್ದ ಮೆಣಸಿನಕಾಯಿ ನೆತ್ತಿಗೇರಿ ಕೆಮ್ಮಿದೆ. ಅತ್ತೆ ಗಾಬರಿಯಾಗಿ ಬೆನ್ನು ತಟ್ಟಿ ಲೋಟ ಕೈಗೆ ಕೊಟ್ಟಳು: "ನೀರ ಕುಡಿ, ಮೂರ್ಖಾ! ಸಾವಕಾಶ ತಿನ್ನಾಕ ಆಗಂಗಿಲ್ಲ ನಿನಗ?"

ಮೂರ್ಖ ಎನಿಸಿಕೊಂಡು ನಾನು ಅಷ್ಟು ಸಂತೋಷಪಟ್ಟದ್ದು ಅದೇ ಮೊದಲು. ಆದರೆ ಮುಖ್ಯ ಪರೀಕ್ಷೆ ಇನ್ನೂ ಮುಂದಿತ್ತು.

ಖಾನಾವಳಿ ನಡೆಸುವವಳು ಶಾಂತಾಬಾಯಿ, ಐವತ್ತರ ಆಸುಪಾಸಿನ ಗಟ್ಟಿ ಹೆಂಗಸು. ಐದಾರು ಟೇಬಲ್ಲು, ಎಲ್ಲರಿಗೂ ಕಾಣುವಂತೆ ಒಂದು ಮೂಲೆಯಲ್ಲಿ ಒಲೆ. ಅಲ್ಲಿಂದ ರೊಟ್ಟಿ ಬಡಿಯುವ ಸಪ್ಪಳ. ಅತ್ತೆಗೆ ಕುರ್ಚಿಯಲ್ಲಿ ಕೂರಲು ಆಗಲಿಲ್ಲ. ಎರಡು ಸಲ ಎದ್ದಳು. ಪಕ್ಕದ ಟೇಬಲ್ಲಿನ ಅಪರಿಚಿತನ ಲೋಟ ಖಾಲಿಯಾದದ್ದು ಕಂಡು ನೀರು ಹಾಕಿದಳು, "ಪಲ್ಯ ಹಾಕಿಸ್ಕೋರಿ, ಸಂಕೋಚ ಮಾಡಬ್ಯಾಡ್ರಿ" ಎಂದಳು. ಅವನು ಅವಳೇ ಮಾಲಕಿ ಎಂದುಕೊಂಡು, ಉಪ್ಪಿನಕಾಯಿ ಬೇಕೆಂದ.

ರೊಟ್ಟಿ ಬಂತು. ಅತ್ತೆ ಅಂಚು ಮುರಿದಳು. ಬೆಳಕಿಗೆ ಹಿಡಿದು ನೋಡಿದಳು, ಮೂಸಿದಳು. ಈ ರೊಟ್ಟಿ ಕಳಪೆಯಾಗಿದ್ದರೆ ನಾನು ಸುಳ್ಳುಗಾರ. ಅವಳ ರೊಟ್ಟಿಗಿಂತ ಚೆನ್ನಾಗಿದ್ದರೆ, ಅವಳು ಇನ್ನೆಂದೂ ಒಲೆಯ ಮುಂದೆ ತಲೆಯೆತ್ತಿ ಕೂರಲಾರಳು. ಸುಳ್ಳುಗಾರನೇ ಆಗಲಿ ದೇವರೇ ಎಂದು ಬೇಡಿಕೊಂಡೆ. ಅವಳು ಎಣ್ಣೆಗಾಯಿಯ ಜೊತೆ ನಿಧಾನವಾಗಿ ಉಣ್ಣತೊಡಗಿದಳು.

ಅರ್ಧ ರೊಟ್ಟಿ ಉಳಿದಿರುವಾಗ ಶಾಂತಾಬಾಯಿ ಹೆಂಚಿನಿಂದ ತೆಗೆದದ್ದನ್ನು ಕೈಯಲ್ಲೇ ಹಿಡಿದು ಬಂದು ಅತ್ತೆಯ ತಟ್ಟೆಗೆ ಹಾಕಿದಳು. ಉಬ್ಬಿದ ರೊಟ್ಟಿ ಹಬೆ ಬಿಡುತ್ತಿತ್ತು. "ಅದು ಆರ್ಯಾದ, ಬಿಡ್ರಿ ಅವ್ವಾರ. ಇದು ಉಣ್ರಿ, ಬಿಸಿ ಅದ."

ಅತ್ತೆ ತಟ್ಟೆಯನ್ನೇ ನೋಡುತ್ತ ಕುಳಿತಳು.

"ಮಲ್ಲೂ, ಇಕಿ ದಿನಾ ಹಿಂಗೇ ಕೊಡ್ತಾಳೇನು? ಒಂದು ಮುಗಿಯೂದ್ರಾಗ ಇನ್ನೊಂದು?"

"ಹೌದತ್ತಿ."

"ರೊಟ್ಟಿ ನನ್ನವಕ್ಕಿಂತ ದಪ್ಪ ಅವ. ಜ್ವಾಳಾನೂ ಹಳೀದು." ಹಬೆಯಾಡುವ ತುಂಡನ್ನು ಬಾಯಿಗಿಟ್ಟುಕೊಂಡು ಕಣ್ಣು ಮುಚ್ಚಿದಳು. "ಆದ್ರ ಬಿಸಿ ಅವ ನೋಡು."

ಆಗ ನನಗೆ ಹೊಳೆಯಿತು. ನಲವತ್ತು ವರ್ಷ ಆ ಮನೆಯಲ್ಲಿ ಉಂಡಿದ್ದೇನೆ. ಅತ್ತೆ ಉಣ್ಣುವುದನ್ನು ಒಂದು ದಿನವೂ ನೋಡಿಲ್ಲ. ನಾವು ಕೈ ತೊಳೆದು ಜಗುಲಿಗೆ ಬಂದ ಮೇಲೆ, ಬುಟ್ಟಿಯ ತಳದಲ್ಲಿ ಅರಿವೆ ಮುಚ್ಚಿಟ್ಟ, ಆರಿದ, ಮುರಿದ ರೊಟ್ಟಿ ಅವಳಿಗೆ. ನಾನು ಹೋಟೆಲು ಹೋಟೆಲು ಸುತ್ತಿ ರುಚಿಯ ಪಟ್ಟಿ ಬರೆದವನು, ಇಷ್ಟು ಕಣ್ಣೆದುರಿನದು ನನಗೆ ಕಂಡಿರಲಿಲ್ಲ.

"ಬಿಸಿ ರೊಟ್ಟಿ ನೀ ಯಾವಾಗ ಉಂಡಿದ್ದಿ ಅತ್ತಿ?"

ಅವಳು ನೆನಪು ಮಾಡಿಕೊಂಡಳು. "ಮದಿವಿಗಿ ಮೊದಲ. ನಮ್ಮವ್ವ ಹಾಕ್ತಿದ್ಲು." ಎಂದವಳೇ ನಕ್ಕುಬಿಟ್ಟಳು. "ನನ್ನ ಕೈ ಏನೂ ಕೆಟ್ಟಿಲ್ಲ ಬಿಡು, ಇಕಿಗಿಂತ ನಾನೇ ಚಲೋ ಮಾಡ್ತೀನಿ. ಇನ್ನೊಂದ ಹಾಕ ಅನ್ನು ಅಕಿಗಿ. ಜಲ್ದಿ ಅನ್ನು."

ಮೂರು ಉಂಡಳು. ಒಂದನ್ನೂ ನನ್ನ ತಟ್ಟೆಗೆ ದಾಟಿಸಲಿಲ್ಲ. ಕೈ ತೊಳೆದು ಬಂದು, ಒಲೆಯ ಮುಂದಿದ್ದ ಶಾಂತಾಬಾಯಿಗೆ ಮುಂದಿನ ಗುರುವಾರ ಖಾನಾವಳಿ ತೆರೆದಿರುತ್ತದೆಯೋ ಎಂದು ಕೇಳಿ ಖಾತ್ರಿ ಮಾಡಿಕೊಂಡಳು. ಹೊರಗೆ ಬಿಸಿಲಿಗೆ ಬಂದಾಗ ತಲೆಯ ಮೇಲಿನ ಸೆರಗು ಹೆಗಲಿಗೆ ಜಾರಿತ್ತು, ಅವಳು ಅದನ್ನು ಮತ್ತೆ ಎಳೆದುಕೊಳ್ಳಲಿಲ್ಲ.

"ಬರೂ ಗುರುವಾರ ಮನಿಗಿ ಬರಬ್ಯಾಡ, ಸೀದಾ ಇಲ್ಲಿಗೇ ಬಾ," ಎಂದಳು. "ನಾ ಮಾದೇವಿನ್ನ ಕರ್ಕೊಂಡು ಬರ್ತೀನಿ. ಅಕಿ ನಮ್ಮನಿಗಿ ಬಂದು ಹದಿನಾರ ವರ್ಷ ಆತು. ಅಕಿ ಬಿಸಿ ರೊಟ್ಟಿ ಉಂಡಿದ್ದು ನಾನೂ ಒಂದ ದಿನ ನೋಡಿಲ್ಲ."